ಶಿವಮೊಗ್ಗೆಯಲ್ಲಿ ನನ್ನದೆಂದು ಹೇಳಿದ ನಿಮ್ಮ ಮಾತು

ಧರಣಣ್ಣನಿಗೆ, ವಿಜ್ಞಾನದ ಮೇಷ್ಟ್ರು ಶಂಕರನಾರಾಯಣ ಮಾಡುವ ನಮಸ್ಕಾರಗಳು.

ನೀವು ಹೋಗಿ ನಾಲ್ಕು ತಿಂಗಳಾಯಿತು. ಶಾಲೆಯ ಸಂತಾಪ ಸಭೆಯಲ್ಲಿ ನಿಮ್ಮ ಬಗ್ಗೆ ಮಾತಾಡಲು ಹೆಡ್‌ಮಾಸ್ಟರು ನನ್ನನ್ನೇ ಕರೆದರು. ನಿಮ್ಮ ಜೊತೆ ಹೆಚ್ಚು ಓಡಾಡಿದವನು ನಾನೇ ಎಂದು ತೀರ್ಥಹಳ್ಳಿಗೆಲ್ಲ ಗೊತ್ತಲ್ಲ. ಚೆನ್ನಾಗಿಯೇ ಮಾತಾಡಿದೆ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಒಳಗೆ ಜಾಗ ಸಾಲದೆ ಕಿಟಕಿಗಳ ಹೊರಗೆ ನಿಂತಿದ್ದ ಜನರನ್ನು ನೋಡುತ್ತ ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಗೊತ್ತೇ? ನಾಳೆ ನಾನು ಸತ್ತರೆ ಇದರಲ್ಲಿ ಕಾಲು ಪಾಲು ಜನ ಬಂದಾರೇ ಎಂದು. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡುವವರು ಇರುತ್ತಾರೆಯೇ ಎಂದು ಕೇಳಬೇಡಿ. ಇರುತ್ತಾರೆ. ಅಂಥವನೊಬ್ಬ ಈ ಪತ್ರ ಬರೆಯುತ್ತಿದ್ದಾನೆ.

ನಾನು ಈ ಊರಿಗೆ ಬಂದ ಮೊದಲ ವರ್ಷ ನೆನಪಿದೆಯೇ? ಸಾಗರದ ಹುಡುಗ, ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ ಬಂದವನು, ನನಗೆ ತಿಳಿಯದ್ದು ಈ ತಾಲ್ಲೂಕಿನಲ್ಲಿ ಯಾರಿಗೂ ತಿಳಿದಿರಲಾರದು ಎಂಬ ಧೈರ್ಯ. ನೀವು ಹೊಸನಗರದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಡ್ರಿಲ್ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ನಿಮ್ಮದಾಗಿತ್ತು, ಅಷ್ಟೇ ನಮ್ಮ ಸಂಬಂಧ. ಪಕ್ಷಿವೀಕ್ಷಣಾ ಸಂಘ ಮಾಡುತ್ತೇನೆಂದು ನಾನು ಹೇಳಿದಾಗ ಉಳಿದವರು ನಕ್ಕರು. ನೀವು ಮಾತ್ರ, "ಹಕ್ಕಿ ನೋಡೋದಕ್ಕೂ ಸಂಘ ಬೇಕಾ? ಇರ್ಲಿ, ಮಕ್ಕಳು ನಡೀತಾರಲ್ಲ, ಒಳ್ಳೇದು" ಎಂದಿರಿ. ಹದಿನಾಲ್ಕು ವಿದ್ಯಾರ್ಥಿಗಳು ಸೇರಿದರು, ಅವರಲ್ಲಿ ಮೂವರು ಹುಡುಗಿಯರು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಸಾವಿರಾರು ಹಕ್ಕಿ ಗೂಡು ಕಟ್ಟುತ್ತವೆ, ದೋಣಿಯಲ್ಲಿ ಹೋಗಿ ನೋಡೋಣ ಎಂದು ನಾನು ನೋಟೀಸ್ ಹಾಕಿದೆ. ಅಲ್ಲಿಂದ ಶುರುವಾಯಿತು.

ಗೌರಮ್ಮನವರು ಶಾಲೆಗೆ ನುಗ್ಗಿದ ಬೆಳಿಗ್ಗೆ ನೀವು ಮೈದಾನದಲ್ಲಿದ್ದಿರಿ. ಒಂಬತ್ತನೆಯ ಕ್ಲಾಸಿನ ಕಮಲೆಯ ಅಜ್ಜಿ, ಬ್ರಾಹ್ಮಣರ ಕೇರಿಯವರು. ಅವರ ದನಿ ನಿಮ್ಮ ಸೀಟಿಯನ್ನೂ ಮೀರಿಸಿತ್ತು. "ಹೆಣ್ಣುಮಕ್ಕಳನ್ನ ಹೊಳೆ ಮಧ್ಯಕ್ಕೆ ಕರ್ಕೊಂಡು ಹೋಗ್ತಾರಂತೆ. ಯಾರನ್ನ ಕೇಳಿ? ನಾಳೆ ಒಂದು ಹೆಚ್ಚುಕಮ್ಮಿ ಆದ್ರೆ ಈ ಮೇಷ್ಟ್ರು ತಂದ್ಕೊಡ್ತಾರಾ ನನ್ನ ಮೊಮ್ಮಗಳನ್ನ?" ಅವರ ಹಿಂದೆ ಇನ್ನೂ ನಾಲ್ಕು ಮನೆಯವರು ಬಂದರು. ಹೆಡ್‌ಮಾಸ್ಟರು ನನ್ನನ್ನು ಕರೆದು, ಊರಿನ ಐದಾರು ಜವಾಬ್ದಾರಿಯ ಜನರ ಸಲಹಾ ಮಂಡಳಿಯೊಂದು ಆಗಬೇಕು, ಅವರು ಒಪ್ಪಿದರೆ ಸಂಘ, ಇಲ್ಲವಾದರೆ ಇಲ್ಲ ಎಂದುಬಿಟ್ಟರು.

ನಾನು ವಕೀಲರಿಗೆ, ಡಾಕ್ಟರಿಗೆ, ಮಂಡಿ ಸಾಹುಕಾರರಿಗೆ, ಹೀಗೆ ಎಂಟು ಜನರಿಗೆ ಪತ್ರ ಬರೆದೆ. ನನ್ನ ಅಕ್ಷರ ಚೆಂದ ಎಂಬ ಹೆಮ್ಮೆ ನನಗೆ. ಸಭೆಯ ದಿನ ನೀವು ಕೇಳದೆಯೇ ಬಂದು ಕುರ್ಚಿ ಹಾಕಿಕೊಟ್ಟಿರಿ. ಒಂದು ಗಂಟೆ ಕಾದೆವು. ವಕೀಲರ ಗುಮಾಸ್ತ ಬಂದು, ಅವರಿಗೆ ಪುರಸೊತ್ತಿಲ್ಲ ಎಂದು ತಿಳಿಸಿ ಹೋದ. ಅಷ್ಟೇ. ನಾನು ಖಾಲಿ ಕುರ್ಚಿಗಳ ಎದುರು ತಲೆ ತಗ್ಗಿಸಿ ಕೂತಿದ್ದಾಗ ನೀವು ಹೇಳಿದಿರಿ: "ಕಾಗದ ಬರೆದ್ರೆ ಯಾರು ಬರ್ತಾರೆ ಮಾರಾಯ್ರೆ? ಅವರ ಬಾಗ್ಲಿಗೆ ಹೋಗ್ಬೇಕು. ಹೋಗಿ ಸಹಾಯ ಕೇಳ್ಬೇಡಿ, ಸಲಹೆ ಕೇಳಿ. ಸಹಾಯ ಕೇಳಿದ್ರೆ ಜನ ಹಿಂದೆ ಸರೀತಾರೆ. ಸಲಹೆ ಕೇಳಿದ್ರೆ ಕುರ್ಚಿ ಎಳ್ಕೊಂಡು ಕೂತ್ಕೊಳ್ತಾರೆ."

ಈ ಮಾತನ್ನು ನೀವು ಎಲ್ಲಿ ನಿಂತು, ಯಾವ ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದಿರಿ ಎನ್ನುವುದು ಇವತ್ತಿಗೂ ನನ್ನ ಕಣ್ಣಲ್ಲಿದೆ. ಹಾಗಿರುವಾಗ ಅದು ನಿಮ್ಮದೆಂದು ಮರೆತು ಹೇಳಿಬಿಟ್ಟೆ ಎಂದು ಹೇಗೆ ತಪ್ಪಿಸಿಕೊಳ್ಳಲಿ...

ಮಂಡಗದ್ದೆಯ ದಡದಲ್ಲಿ ದೋಣಿ ಗಂಗಪ್ಪನ ಮುಂದೆ ನೀವು ಕುಕ್ಕರಗಾಲಲ್ಲಿ ಕೂತ ದಿನ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ವಕೀಲರು ಇರಬೇಕಾದ ಮಂಡಳಿಗೆ ದೋಣಿಯವನೇ? ನೀವು ಅವನನ್ನು ದೋಣಿ ಕೇಳಲಿಲ್ಲ. "ಗಂಗಪ್ಪ, ಮಕ್ಕಳನ್ನ ಯಾವಾಗ ಕರ್ಕೊಂಡು ಬರಬಾರ್ದು ಹೇಳು" ಎಂದು ಕೇಳಿದಿರಿ. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಹೊಳೆ ಕೆಂಪಗಿದ್ದಷ್ಟು ದಿನ ಬ್ಯಾಡ. ನೀರು ತಿಳಿಯಾದ ಮ್ಯಾಲೆ ಬನ್ನಿ. ಒಂದ್ಸಲಕ್ಕೆ ಆರು ಮಕ್ಳು, ಒಬ್ರು ದೊಡ್ಡೋರು. ಮರದ ಬುಡಕ್ಕೆ ನಾ ಹೋಗಾದಿಲ್ಲ. ಹೆದರಿಸಿದ್ರೆ ಮರಿ ನೀರಿಗೆ ಬೀಳ್ತವೆ. ದೋಣಿ ಹತ್ತಿದ ಮ್ಯಾಲೆ ಯಾರೂ ಏಳಂಗಿಲ್ಲ, ಮೇಷ್ಟ್ರಾದ್ರೂ ಸೈ." ಮರಿ ನೀರಿಗೆ ಬೀಳುತ್ತವೆ ಎನ್ನುವುದು ನನ್ನ ಪುಸ್ತಕದಲ್ಲಿರಲಿಲ್ಲ. ನೀವು ಪಕ್ಕನೆ, "ಇದನ್ನ ನಮ್ಮ ಸಭೇಲಿ ಬಂದು ಹೇಳ್ಬೇಕು ನೀನು" ಎಂದಿರಿ. ಅವನು ಮೊದಲ ಸದಸ್ಯನಾದ.

ಗೌರಮ್ಮನವರ ಜಗಲಿಗೆ ನಾನು ಬರುವುದಿಲ್ಲ ಎಂದೆ. ನೀವು ನನ್ನ ತೋಳು ಹಿಡಿದೇ ಕರೆದುಕೊಂಡು ಹೋದಿರಿ. "ಅಮ್ಮ, ನೀವು ಬೈದಿದ್ದು ಸರಿ. ಮಂಡಳಿಗೆ ಬಂದು ಬೈಯಿರಿ. ನೀವು ಬೇಡ ಅಂದ ದಿನ ನಾವು ಹೋಗೋದಿಲ್ಲ." ಅವರು ಸೆರಗು ಸರಿಮಾಡಿಕೊಂಡು, "ನಾ ಓದಿದೋಳಲ್ಲ. ನನ್ನ ಕೇಳಿ ಎಂತ ಮಾಡ್ತೀರಿ?" ಎಂದರು. "ಓದಿದೋರು ನಾವಿದೀವಲ್ಲ, ನಮಗೆ ಹೆದರಿಕೆ ಗೊತ್ತಿಲ್ಲ. ಅದು ಗೊತ್ತಿರೋರು ಒಬ್ರು ಬೇಕು" ಎಂದಿರಿ ನೀವು. ಮುದುಕಿ ಎದ್ದು ಒಳಗೆ ಹೋದರು. ಆಮೇಲೆ ಒಳಗಿಂದ ನಿಮಗೆ ಬೆಲ್ಲ ನೀರು ಬಂತು. ನನಗೂ ಬಂತು, ಆದರೆ ಎರಡನೆಯದಾಗಿ.

ಗಂಗಪ್ಪ, ಗೌರಮ್ಮ ಬರುತ್ತಾರೆಂದ ಮೇಲೆ ಡಾಕ್ಟರು ಬಂದರು, ಇನ್ನೂ ಮೂವರು ಬಂದರು. ತಿಂಗಳಿಗೊಮ್ಮೆ ಸಂಜೆ ನಾಲ್ಕಕ್ಕೆ ಸಭೆ. ನೀವು ಜೈನರು, ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸುವವರು, ಗಂಗಪ್ಪನಿಗೆ ಬಸ್ಸು ಹಿಡಿಯಬೇಕು, ಎಲ್ಲರಿಗೂ ಅನುಕೂಲ. ನಾನು ಗೋಡೆಗೆ ನಕ್ಷೆ ತೂಗುಹಾಕಿ ಹಕ್ಕಿಗಳ ಸಂಚಾರ ವಿವರಿಸುತ್ತಿದ್ದೆ. ಅವರು ಮರ್ಯಾದೆಯಿಂದ ಕೇಳುತ್ತಿದ್ದರು. ಮುಗಿದ ಕೂಡಲೇ ಆರೂ ಮುಖಗಳು ನಿಮ್ಮ ಕಡೆ ತಿರುಗುತ್ತಿದ್ದವು. "ಡ್ರಿಲ್ ಮೇಷ್ಟ್ರೆ, ನೀವೆಂತ ಹೇಳ್ತೀರಿ?" ನಿಮಗೆ ನೀರುಕಾಗೆಗೂ ಹಾವಕ್ಕಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬಿಳಿ ಇದ್ದದ್ದೆಲ್ಲ ನಿಮಗೆ ಬೆಳ್ಳಕ್ಕಿ. ಸಂಘ ನನ್ನದು, ವಿಷಯ ನನ್ನದು, ರಾಶಿ ಪುಸ್ತಕ ಓದಿದವನು ನಾನು. ಅವರಿಗೆ ನಿಮ್ಮಲ್ಲಿ ಕಂಡದ್ದಾದರೂ ಏನು, ಧರಣಣ್ಣ? ಶಿವಮೊಗ್ಗೆಯ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಬಂದಾಗ ಅದರಲ್ಲೂ "ತೀರ್ಥಹಳ್ಳಿಯ ಡ್ರಿಲ್ ಮೇಷ್ಟ್ರ ಹಕ್ಕಿ ಸಂಘ" ಎಂದಿತ್ತು. ನೀವು ಅದನ್ನು ಓದಿ ನಕ್ಕು, ತಿದ್ದುಪಡಿ ಬರೆದು ಕಳಿಸಿದಿರಿ. ಅದು ಅಚ್ಚಾಗಲಿಲ್ಲ. ನಾನಾಗಿದ್ದರೆ ತಿದ್ದುಪಡಿ ಕಳಿಸುತ್ತಿದ್ದೆನೇ?

ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ನಿಮ್ಮನ್ನು ದೂರುತ್ತಿದ್ದೆ. ನನ್ನ ಹೆಂಡತಿ ಸಾವಿತ್ರಿ ನಮ್ಮ ಮನೆಮಾತಿನಲ್ಲಿ ಮೆಲ್ಲಗೆ ಹೇಳಿದಳು: "ಎಂಗೆ ಗೊತ್ತಿದ್ದು ಬಿಡಿ. ಅವರದ್ದು ತಪ್ಪು ಎಂತದೂ ಇಲ್ಲೆ. ನಿಮಗೆ ಹೊಟ್ಟೆಕಿಚ್ಚು." ನಾನು ಎದ್ದು ಕೈ ತೊಳೆದೆ. ಅವಳ ಜೊತೆ ಎರಡು ದಿನ ಮಾತಾಡಲಿಲ್ಲ.

ಕನ್ನಡದ ಸೀಮೆಗಳೆಲ್ಲ ಒಂದಾದ ಮಾರನೆಯ ವರ್ಷ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರ ಕಾಗದ ಬಂತು. ಸಂಘದ ಕಾರ್ಯದರ್ಶಿ ನಾನಾದ್ದರಿಂದ ಅದು ನನ್ನ ಕೈಗೇ ಬಂತು. ಊರಿನವರ ಸಲಹಾ ಮಂಡಳಿ ಕಟ್ಟಿದ ಉಪಾಧ್ಯಾಯರು ಯಾರೋ ಅವರು ಶಿವಮೊಗ್ಗೆಯ ಉಪಾಧ್ಯಾಯರ ಸಮ್ಮೇಳನದಲ್ಲಿ ಮಾತಾಡಬೇಕು ಎಂದಿತ್ತು. ಹೆಸರು ಬರೆದಿರಲಿಲ್ಲ. ನೀವು ಆಗ ಅಂಗಳದಲ್ಲಿ ಹುಡುಗರಿಗೆ ಲೇಜಿಮ್ ಕಲಿಸುತ್ತಿದ್ದಿರಿ. ಕಿಟಕಿಯಿಂದ ಒಂದು ಸಲ ನಿಮ್ಮನ್ನು ನೋಡಿದೆ. ಆಮೇಲೆ ಕೂತು, ಆ ಉಪಾಧ್ಯಾಯ ನಾನೇ ಎಂದು ಉತ್ತರ ಬರೆದೆ.

ಬಸ್ ಸ್ಟ್ಯಾಂಡಿನಲ್ಲಿ ನೀವು ಎದುರಾಗಬೇಕೇ? "ಎಲ್ಲಿಗೆ ಸವಾರಿ?" ಎಂದಿರಿ. ಇಲಾಖೆಯ ಕೆಲಸ ಎಂದೆ. ನೀವು ನನ್ನ ಚೀಲವನ್ನು ಬಸ್ಸಿನ ಮೇಲಕ್ಕೆ ದಾಟಿಸಿ, "ನಂಗೊಂದು ಸೀಟಿ ತನ್ನಿ ಮಾರಾಯ್ರೆ, ಇದ್ರ ಗಂಟ್ಲು ಕಟ್ಟಿದೆ" ಎಂದಿರಿ. ಆ ಸಭೆಯಲ್ಲಿ ನಾನು ಎದ್ದು ನಿಂತು ನಿಮ್ಮ ಮಾತನ್ನೇ ಹೇಳಿದೆ. ಸಹಾಯ ಕೇಳಬೇಡಿ, ಸಲಹೆ ಕೇಳಿ. ಕುರ್ಚಿ ಎಳೆದುಕೊಂಡು ಕೂರುತ್ತಾರೆ ಎನ್ನುವುದನ್ನೂ ಬಿಡಲಿಲ್ಲ. ಗೌರಮ್ಮನವರಿಗೆ ನೀವು ಹೇಳಿದ್ದನ್ನು ನಾನು ಹೇಳಿದ್ದೆಂದೇ ವರ್ಣಿಸಿದೆ. ಜನ ಚಪ್ಪಾಳೆ ತಟ್ಟಿದರು. ಎಷ್ಟು ಹಿತವಾಗಿತ್ತು ಗೊತ್ತೇ? ನಿಮಗೆ ದಿನವೂ ಸಿಗುತ್ತಿದ್ದದ್ದು ಇದೇ ಇರಬೇಕು ಎಂದುಕೊಂಡೆ. ಬರುವಾಗ ಪೇಟೆಯಲ್ಲಿದ್ದ ಒಳ್ಳೆಯ ಹಿತ್ತಾಳೆ ಸೀಟಿ ತಂದೆ. ನೀವು ಅದನ್ನು ಊದಿ ನೋಡಿ ಮಗುವಿನ ಹಾಗೆ ಖುಷಿಪಟ್ಟಿರಿ. ನಾನು ಬೇರೆ ಕಡೆ ನೋಡಿದೆ.

ಕಳೆದ ಕಾರ್ತಿಕದಲ್ಲಿ ನೀವು ಕಾಮಾಲೆಯೆಂದು ಹೊಸನಗರಕ್ಕೆ ಹೋದಿರಿ. ನಾಟಿ ಔಷಧಿ, ಹದಿನೈದು ದಿನದಲ್ಲಿ ವಾಪಸು ಎಂದಿದ್ದಿರಿ. ಆ ವಾರವೇ ಮಂಡಗದ್ದೆಯ ಪ್ರವಾಸ. ಎಲ್ಲರೂ ನೀವು ಬಂದ ಮೇಲೆ ಹೋಗೋಣ ಎಂದರು. ನಾನು ಹಟ ಹಿಡಿದೆ. ನೀವಿಲ್ಲದೆಯೂ ಸಂಘ ನಡೆಯುತ್ತದೆ ಎಂದು ತೋರಿಸಬೇಕಿತ್ತು. ನೀರು ತಿಳಿಯಾಗಿತ್ತು, ದೋಣಿಯಲ್ಲಿ ಆರೇ ಮಕ್ಕಳಿದ್ದರು, ಎಲ್ಲ ನಿಯಮದಂತೆಯೇ ಇತ್ತು. ನಡುಗಡ್ಡೆ ಹತ್ತಿರವಾದಾಗ ಹಾವಕ್ಕಿಯೊಂದು ರೆಕ್ಕೆ ಬಿಚ್ಚಿ ಕೂತಿತ್ತು. ಕಮಲೆ ಹಿಂದೆ ಕೂತಿದ್ದಳು, ಅವಳಿಗೆ ಕಾಣಲಿಲ್ಲ. "ಎದ್ದು ನೋಡು, ಒಂದೇ ಕ್ಷಣ" ಎಂದೆ ನಾನು. ಗಂಗಪ್ಪ "ಬ್ಯಾಡ" ಎನ್ನುವಷ್ಟರಲ್ಲಿ ದೋಣಿ ವಾಲಿತು, ಕಮಲೆ ಹೊಳೆಗೆ ಬಿದ್ದಳು.

ಹುಡುಗಿ ನೀರಿನಲ್ಲಿ ಕಾಣಿಸಲಿಲ್ಲ. ಎಷ್ಟು ಹೊತ್ತು ಎಂದು ನನ್ನನ್ನು ಕೇಳಬೇಡಿ. ಉಳಿದ ಮಕ್ಕಳು ಕೂಗುತ್ತಿದ್ದರು. ನನಗೆ ಈಜು ಬರುವುದಿಲ್ಲ. ಹುಟ್ಟನ್ನು ಬಿಗಿಯಾಗಿ ಹಿಡಿದು ಕೂತಿದ್ದೆ. ಗಂಗಪ್ಪ ಧುಮುಕಿ ಅವಳ ಜಡೆ ಹಿಡಿದು ಮೇಲಕ್ಕೆ ತಂದ. ದಡದಲ್ಲಿ ಅವಳು ಕೆಮ್ಮಿ ನೀರು ಕಾರಿದಾಗ ನಾನು ಮರಳಿನ ಮೇಲೆ ಕೂತು ಅತ್ತುಬಿಟ್ಟೆ.

ಮೂರನೆಯ ದಿನ ಮಂಡಳಿ ಸೇರಿತು. ಸಂಘ ಮುಚ್ಚಬೇಕೆಂದು ಊರಿನಲ್ಲಿ ಗುಲ್ಲಾಗಿತ್ತು, ಹೆಡ್‌ಮಾಸ್ಟರು ಮುಚ್ಚುವ ಆರ್ಡರನ್ನು ಬರೆದಿಟ್ಟುಕೊಂಡೇ ಬಂದಿದ್ದರು. ಗಂಗಪ್ಪ ಮೊದಲು ಎದ್ದ. "ದೋಣಿ ನಂದು. ತಪ್ಪು ನಂದೇ" ಎಂದ. ನನ್ನ ಹೆಸರು ಎತ್ತಲಿಲ್ಲ. ಅವನು ಕೂತ ಮೇಲೆ ನಾನು ಸುಮ್ಮನಿರಬಹುದಿತ್ತು. ಕಮಲೆಯೂ ಮನೆಯಲ್ಲಿ ನಾನು ಹೇಳಿದ್ದನ್ನು ಬಾಯಿಬಿಟ್ಟಿರಲಿಲ್ಲವಂತೆ. ಆದರೆ ಗಂಗಪ್ಪನ ತಲೆ ಬಗ್ಗಿದ್ದನ್ನು ನೋಡಲಾಗದೆ ಎದ್ದೆ. "ಎದ್ದು ನೋಡು ಎಂದವನು ನಾನು. ಅವನು ಬೇಡ ಎಂದಿದ್ದ" ಎಂದೆ. ಎಲ್ಲರೂ ಗೌರಮ್ಮನವರನ್ನೇ ನೋಡುತ್ತಿದ್ದರು. ಅವರು ನನ್ನ ಕಡೆ ನೋಡದೆ ಹೆಡ್‌ಮಾಸ್ಟರಿಗೆ ಹೇಳಿದರು: "ಈ ನಿಯಮ ಮಾಡಿದೋರು ನಾವು. ಮುರಿದೋರು ಒಬ್ರು. ಅದಕ್ಕೆ ನಾವು ಮಾಡಿದ್ದನ್ನ ಎಂತಕ್ಕೆ ಮುಚ್ಬೇಕು? ಸಂಘ ಇರ್ಲಿ. ಕಮಲೀನೂ ಹೋಗ್ಲಿ. ಡ್ರಿಲ್ ಮೇಷ್ಟ್ರು ಬರೋ ತನಕ ಈ ಮೇಷ್ಟ್ರು ದೋಣಿ ಹತ್ತೋದು ಬೇಡ, ದಡದಲ್ಲಿ ನಿಂತ್ಕಳ್ಲಿ." ಹೆಡ್‌ಮಾಸ್ಟರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಸಂಘ ಉಳಿಯಿತು. ನನ್ನ ನಕ್ಷೆಯಿಂದಲ್ಲ, ನೀವು ಬಾಗಿಲು ಬಾಗಿಲಿಗೆ ಹೋದದ್ದರಿಂದ ಎನ್ನುವುದು ಅವತ್ತು ಅರ್ಥವಾಯಿತು. ಅರ್ಥವಾದರೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದುಕೊಂಡಿದ್ದೀರಾ? ಇಲ್ಲ. ಊರಲ್ಲಿಲ್ಲದೆಯೂ ನೀವು ಗೆದ್ದಿರಲ್ಲ ಎಂದು ಇನ್ನಷ್ಟು ಉರಿಯಿತು. ಆದರೂ ನೀವು ಬಂದ ಕೂಡಲೇ ಶಿವಮೊಗ್ಗೆಯ ವಿಷಯ ಹೇಳಿಬಿಡಬೇಕು ಎಂದು ಮೊದಲ ಸಲ ಅನ್ನಿಸಿತು. ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ. ಎಂಟು ದಿನ ಯೋಚಿಸಿದೆ. ಒಂಬತ್ತನೆಯ ದಿನ ಹೊಸನಗರದಿಂದ ನಿಮ್ಮ ತಮ್ಮ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು, ಮತ್ತೆ...

ಹೋದ ತಿಂಗಳು ಮಂಡಳಿ ಸೇರಿದಾಗ ಡಾಕ್ಟರು, ಸಂಘಕ್ಕೆ ನಿಮ್ಮ ಹೆಸರಿಡೋಣ ಎಂದರು. ನಾನು ಕೂಡಲೇ, ವಿದ್ಯಾರ್ಥಿ ಸಂಘಕ್ಕೆ ವ್ಯಕ್ತಿಗಳ ಹೆಸರು ಸರಿಯಲ್ಲ, ಇಲಾಖೆ ಒಪ್ಪುವುದಿಲ್ಲ ಎಂದೆ. ಅಂಥ ಯಾವ ನಿಯಮವೂ ಇಲ್ಲ, ಧರಣಣ್ಣ. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು. "ಇಲಾಖೆ ಬಿಡಿ. ನಿಮಗೆ ಎಂತಕ್ಕೆ ಬೇಡ?" ಎಂದರು ಗೌರಮ್ಮ. ನಾನು ಮೇಜಿನ ಮೇಲೆ ಕೈಯೂರಿ ನಿಂತು ಶಿವಮೊಗ್ಗೆಯ ಕತೆಯನ್ನೆಲ್ಲ ಹೇಳಿದೆ. ಇನ್‌ಸ್ಪೆಕ್ಟರ ಕಾಗದ, ನನ್ನ ಉತ್ತರ, ಚಪ್ಪಾಳೆ. ಹೇಳಿ ಮುಗಿಸಿ, ಇನ್ನು ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆಯುತ್ತಾರೆ ಎಂದು ಕಾದೆ.

"ಅದು ನಮಗೆ ಗೊತ್ತು" ಎಂದರು ಡಾಕ್ಟರು. ಆ ದಿನ ಅವರು ಯಾವುದೋ ಕೆಲಸಕ್ಕೆ ಶಿವಮೊಗ್ಗೆಗೆ ಹೋಗಿದ್ದವರು, ಸಭೆಯ ಹಿಂದಿನ ಸಾಲಿನಲ್ಲಿ ಕೂತು ನನ್ನ ಭಾಷಣ ಪೂರ್ತಿ ಕೇಳಿದ್ದರಂತೆ. ಬಂದು, ನಾನಿಲ್ಲದ ಹೊತ್ತಿನಲ್ಲಿ, ನಿಮ್ಮ ಎದುರಿಗೇ ಮಂಡಳಿಯವರಿಗೆ ಹೇಳಿದರಂತೆ. ಗಂಗಪ್ಪನಿಗೆ ಸಿಟ್ಟು ಬಂದಿತ್ತಂತೆ. ನೀವು ಅವನ ಹೆಗಲ ಮೇಲೆ ಕೈಯಿಟ್ಟು, "ಅವ್ರಿನ್ನೂ ಚಿಕ್ಕೋರು. ಒಂದು ಚಪ್ಪಾಳೆ ಬೇಕಿತ್ತು, ಸಿಕ್ತು, ಬಿಡಿ. ಯಾರೂ ಗೊತ್ತಿದ್ದ ಹಾಗೆ ತೋರಿಸ್ಕೋಬೇಡಿ" ಎಂದಿರಂತೆ. ಹಾಗಾದರೆ ಸೀಟಿ ಊದಿ ಖುಷಿಪಟ್ಟಾಗ ನಿಮಗೆ ಗೊತ್ತಿತ್ತೇ? ಅದಕ್ಕಿಂತ ಮೊದಲೇ, ನನ್ನ ಚೀಲ ಬಸ್ಸಿನ ಮೇಲಕ್ಕೆ ದಾಟಿಸುವಾಗಲೇ...? ಕೇಳೋಣವೆಂದರೆ ನೀವಿಲ್ಲ. ಕ್ಷಮೆ ಕೇಳುವ ಅವಕಾಶವನ್ನೂ ನೀವೇ ಎತ್ತಿಕೊಂಡು ಹೋಗಿದ್ದೀರಿ, ನನ್ನ ಪಾಲಿಗೆ ಏನೂ ಉಳಿಸದೆ. ಆ ಕ್ಷಣ ನನಗೆ ನಿಮ್ಮ ಮೇಲೆ ಬಂದ ಹೊಟ್ಟೆಕಿಚ್ಚು ಹಿಂದೆಂದೂ ಬಂದಿರಲಿಲ್ಲ. ಅದರ ಜೊತೆಗೆ ನಿಮ್ಮನ್ನು ಒಂದೇ ಒಂದು ಸಲ ನೋಡಬೇಕು ಅನ್ನಿಸಿತು. ಎರಡೂ ಒಟ್ಟಿಗೆ ಆಗುತ್ತವೆ ಎಂದು ನನಗೆ ಗೊತ್ತಿರಲಿಲ್ಲ.

ಈಗ ನಿಮಗೆ ತಿಳಿಯದ ಸಮಾಚಾರ. ಸಂಘಕ್ಕೆ ನಿಮ್ಮ ಹೆಸರಾಯಿತು. ನಾನೂ ಕೈ ಎತ್ತಿದೆ. ಕಾರ್ಯದರ್ಶಿಯಾಗಿ ನನ್ನನ್ನೇ ಉಳಿಸಿದ್ದಾರೆ, ಹಾಗಾಗಿ ಇನ್ನು ಪ್ರತಿ ನಡವಳಿಯ ತಲೆಯ ಮೇಲೆ ನನ್ನ ಚೆಂದದ ಅಕ್ಷರದಲ್ಲಿ ನಿಮ್ಮ ಹೆಸರು ಬರೆಯಬೇಕು. ಗೌರಮ್ಮ ಬೇಕೆಂದೇ ಮಾಡಿದ್ದು ಎಂದು ನನ್ನ ಅನುಮಾನ. ಇನ್‌ಸ್ಪೆಕ್ಟರ್ ಸಾಹೇಬರಿಗೆ ನಿಜ ಬರೆದು ಕಳಿಸಿದೆ. ಅವರಿಂದ ಬಂದ ಉತ್ತರ ಎರಡೇ ಸಾಲು. ಹಾಗಿದ್ದರೆ ಈ ವರ್ಷದ ಸಮ್ಮೇಳನಕ್ಕೆ ಮಂಡಳಿಯವರನ್ನೇ ಯಾರನ್ನಾದರೂ ಕಳಿಸಿ ಎಂದು. ಡಾಕ್ಟರು ಒಲ್ಲೆ ಎಂದರು. ಗಂಗಪ್ಪ ನಾಚಿಕೊಂಡ. ಗೌರಮ್ಮ ಒಪ್ಪಿದರು. ಅವರು ಇದುವರೆಗೆ ಶಿವಮೊಗ್ಗೆ ನೋಡಿಲ್ಲ. ಬರುವ ಭಾನುವಾರ ಮೊದಲ ಬಸ್ಸಿಗೆ ನಾನು ಅವರನ್ನು ಕರೆದುಕೊಂಡು ಹೋಗುತ್ತೇನೆ. ಕಮಲೆಯೂ ಬರುತ್ತಾಳೆ.

ಅವರು ಏನು ಮಾತಾಡುತ್ತಾರೆ ಎಂದು ನಿನ್ನೆ ಅವರ ಜಗಲಿಯಲ್ಲಿ ಕೂತು ಕೇಳಿದೆ. "ನಾ ಬೈಯಕ್ಕೆ ಹೋದೋಳು, ನನ್ನನ್ನೇ ಕೇಳಿದ್ರು ಅಂತ ಹೇಳ್ತೀನಿ. ಕೇಳಿದೋರು ಯಾರು ಅಂತ ಹೇಳ್ತೀನಿ. ಮತ್ತೆಂತ ಇದೆ ಹೇಳಕ್ಕೆ?" ಎಂದರು. ಕೇಳಬಾರದಿತ್ತು, ಆದರೂ ಕೇಳಿದೆ. "ಸಂಘ ಶುರು ಮಾಡಿದವನು ನಾನು ಅಂತ ಒಂದು ಮಾತು..."

ಗೌರಮ್ಮ ಬತ್ತಿ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ. "ನೋಡಾಣ" ಎಂದರು.

ನಿಮ್ಮ
ಶಂಕರನಾರಾಯಣ